ಅನ್ವಿತಾ ಕೊಂಡ ಮೂರು ಷೇರು

ಷೇರು ಪೇಟೆಯ ಪಾಠ ಹೇಳುವ ಕೆಲಸ ನನ್ನ ತಲೆಗೆ ಬಂದದ್ದು ನನಗೆ ಆ ವಿಷಯ ಗೊತ್ತಿತ್ತು ಅಂತಲ್ಲ, ನಮ್ಮ ಶಾಖೆಯಲ್ಲಿ ಕನ್ನಡ ಗೊತ್ತಿದ್ದವನು ನಾನೊಬ್ಬನೇ ಅಂತ. ಪಾಲಾರಿವಟ್ಟಂನ ಬ್ಯಾಂಕೊಂದರಲ್ಲಿ ನಾನು ಹೆಡ್ ಕ್ಯಾಷಿಯರ್. ಏಪ್ರಿಲ್ ಕೊನೆಗೆ ಮ್ಯಾನೇಜರ್ ಮೇಡಂ ನನ್ನನ್ನು ಕರೆದರು. ತ್ರಿಪ್ಪುಣಿತ್ತುರದ ಕನ್ನಡ ಸಂಘದವರು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಷೇರು ವ್ಯಾಪಾರದ ಆಟ ಆಡಿಸುತ್ತಾರಂತೆ, ಬ್ಯಾಂಕಿನಿಂದ ಒಬ್ಬರನ್ನು ಕಳಿಸಿ ಅಂದಿದ್ದಾರಂತೆ.

"ಹಾಲಪ್ಪ ಸಾರ್, ಎರಡು ವಾರ ನೀವೇ ಹೋಗಿ ಬನ್ನಿ" ಎಂದು ಮಲಯಾಳಂನಲ್ಲಿ ಹೇಳಿದರು.

"ಮೇಡಂ, ನಾನು ಜೀವನದಾಗ ಒಂದು ಷೇರು ತಗೊಂಡವನಲ್ಲ."

"ಹಾಗಾದರೆ ಕಳಕೊಂಡೂ ಇಲ್ಲ. ಪಾಠ ಹೇಳೋಕೆ ಇನ್ನೇನು ಬೇಕು?"

ಸಂಘದ ಕೋಣೆ ಇದ್ದದ್ದು ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ಕೆಳಗೆ ಸೋಡಾ, ಚಹಾ, ಬಿಸ್ಕತ್ತು ಮಾರುವ ಅಂಗಡಿ. ಬಂದ ಮಕ್ಕಳು ಹದಿನಾಲ್ಕು. ಎಲ್ಲರ ಅಪ್ಪ ಅಮ್ಮ ಕರ್ನಾಟಕದವರು, ಮಕ್ಕಳು ಮಾತ್ರ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳಂನಲ್ಲಿ ಉತ್ತರ ಕೊಡುವವರು. ಆಟವನ್ನು ತಯಾರು ಮಾಡಿದ್ದು ಸುಮಯ್ಯಾ ಎಂಬ ಮಂಗಳೂರಿನ ಹುಡುಗಿ. ಕಾಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ. ಮೊದಲ ದಿನ ಬಂದು ಲ್ಯಾಪ್‌ಟಾಪ್ ಜೋಡಿಸಿ, ಗೋಡೆಯ ಮೇಲೆ ಕಂಪನಿಗಳ ಹೆಸರು ಮತ್ತು ಬೆಲೆ ಬೀಳುವ ಹಾಗೆ ಮಾಡಿ, ನನ್ನ ಕೈಗೆ ನಾಲ್ಕು ಪುಟದ ಇಂಗ್ಲಿಷ್ ಹಾಳೆ ಕೊಟ್ಟು, "ಇದನ್ನೊಮ್ಮೆ ಓದಿ ಸರ್, ಎಲ್ಲ ಉಂಟು ಇದರಲ್ಲಿ" ಎಂದು ಹೇಳಿ ಹೋದಳು. ಮೇಜು ಅಲ್ಲಾಡುತ್ತಿತ್ತು. ಹಾಳೆಯನ್ನು ಮಡಚಿ ಮೇಜಿನ ಕಾಲಿನ ಕೆಳಗೆ ಇಟ್ಟೆ.

ಆಟ ಸುಲಭ. ಪ್ರತಿ ಮಗುವಿಗೂ ಸುಳ್ಳು ದುಡ್ಡು ಹತ್ತು ಲಕ್ಷ. ಕಂಪನಿಗಳು ನಿಜ, ಬೆಲೆಗಳು ನಿಜ, ದುಡ್ಡು ಮಾತ್ರ ಸುಳ್ಳು. ಯಾವುದು ಬೇಕೋ ಚೀಟಿಯಲ್ಲಿ ಬರೆದು ಕೊಟ್ಟರೆ ನಾನು ಲ್ಯಾಪ್‌ಟಾಪಿಗೆ ಹಾಕುತ್ತಿದ್ದೆ. ಎರಡು ವಾರದ ಕೊನೆಗೆ ಹೆಚ್ಚು ಗಳಿಸಿದ ಇಬ್ಬರು ತಿರುವನಂತಪುರದಲ್ಲಿ ನಡೆಯುವ ಫೈನಲ್‌ಗೆ. ಮಕ್ಕಳು ಗಮನ ಕೊಡಲಿ ಎಂದು ಎಲ್ಲರ ಫೋನನ್ನೂ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಪಾಠ ಅಂತ ನಾನು ಹೇಳಿದ್ದು ಒಂದೇ. ನಮ್ಮಪ್ಪ ದಾವಣಗೆರೆಯ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಎಷ್ಟು ಗಾಡಿ ಮೆಕ್ಕೆಜೋಳ ಬಂತು ಎಂದು ಗೇಟಿನಲ್ಲಿ ನಿಂತು ಎಣಿಸಿ, ಹರಾಜು ಶುರುವಾಗುವ ಮೊದಲೇ ಯಜಮಾನರಿಗೆ ಹೇಳುತ್ತಿದ್ದರು. ಅದನ್ನೇ ಮಕ್ಕಳಿಗೆ ಹೇಳಿದೆ: "ಉಳಿದವರಿಗಿಂತ ಮೊದಲು ನೋಡ್ರಿ. ಮೊದಲು ನೋಡಿದವನಿಗೆ ಲಾಭ."

ಮೂರನೆಯ ದಿನಕ್ಕೆ ಒಂದು ವಿಚಿತ್ರ ಗಮನಕ್ಕೆ ಬಂತು. ಅನ್ವಿತಾ ಎಂಬ ಹುಡುಗಿ ಏನು ಕೊಂಡರೂ ಏರುತ್ತಿತ್ತು. ಒಂದೆರಡು ಸಲವಲ್ಲ, ಪ್ರತಿ ಸಲ. ಚೀಟಿ ಕೊಟ್ಟು ಹತ್ತು ಹದಿನೈದು ನಿಮಿಷ ಆಗುವುದರಲ್ಲಿ ಗೋಡೆಯ ಮೇಲೆ ಅವಳ ಷೇರು ಮೇಲೆ ಹೋಗುತ್ತಿತ್ತು. ಅವಳು ಮಾರುತ್ತಿದ್ದಳು. ಮತ್ತೆ ಚೀಟಿ.

ಹತ್ತನೇ ತರಗತಿ ಮುಗಿಸಿದ ಹುಡುಗಿ. ಮಾತು ಕಡಿಮೆ. ಬೇರೆ ಮಕ್ಕಳು ಜಗಳವಾಡುತ್ತ ಕೂಗುತ್ತ ಆಡಿದರೆ ಇವಳು ಎದ್ದು ಕೆಳಗಿನ ಅಂಗಡಿಗೆ ಹೋಗಿ ಉಪ್ಪು ಹಾಕಿದ ನಿಂಬೆ ಸೋಡಾ ಕುಡಿದು ಬರುವವಳು. ಬೆಳಗಿನ ಎರಡು ತಾಸಿನ ಕ್ಲಾಸಿನಲ್ಲಿ ಮೂರು ಸೋಡಾ.

"ಹೊಟ್ಟೆ ಏನಾಗಬೇಕು ನಿಂದು?" ಎಂದು ಕೇಳಿದೆ.

"ಸೋಡಾ ಕುಡಿದರೆ ಯೋಚನೆ ಬರುತ್ತೆ ಅಂಕಲ್" ಎಂದು ಮಲಯಾಳಂನಲ್ಲಿ ಹೇಳಿದಳು.

ಮಾರನೆಯ ದಿನ ಶ್ರೀಹರಿ ಎಂಬ ಚುರುಕು ಹುಡುಗ ನಾಲ್ಕು ಸೋಡಾ ತರಿಸಿಕೊಂಡು ಮೇಲೇ ಕೂತು ಕುಡಿದ. ಅವನ ಷೇರುಗಳು ಬಿದ್ದವು, ತೇಗು ಮಾತ್ರ ಬಂತು.

ಅನ್ವಿತಾಳ ಅಪ್ಪ ರಾಮದಾಸ, ಮೈಸೂರಿನವರು. ವಲ್ಲಾರ್ಪಾಡಂನ ಕಂಟೇನರ್ ಬಂದರಿನಲ್ಲಿ ಕಸ್ಟಮ್ಸ್ ಇಲಾಖೆಯ ಕೆಲಸ. ಶುಕ್ರವಾರ ಮಗಳನ್ನು ಕರೆದೊಯ್ಯಲು ಬಂದಾಗ ನಾನು ತಡೆಯಲಾರದೆ ಹೇಳಿಬಿಟ್ಟೆ. "ನಿಮ್ಮ ಮಗಳ ಕಣ್ಣಾಗ ಏನೋ ಐತ್ರಿ. ಮೂವತ್ತು ವರ್ಷ ಬ್ಯಾಂಕಿನಾಗಿದ್ದೀನಿ, ಇಂಥಾದ್ದು ನೋಡಿಲ್ಲ."

ರಾಮದಾಸ ಮಗಳನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಇವಳಾ? ಸಾರ್, ನಮ್ಮ ದೊಡ್ಡವಳು ಮಹತಿ ಮೆಡಿಕಲ್ ಓದ್ತಿದಾಳೆ. ಅವಳ ಬಗ್ಗೆ ಹೀಗೆ ಹೇಳೋರು ತುಂಬಾ ಜನ. ಇವಳ ಬಗ್ಗೆ ನೀವೇ ಫಸ್ಟು."

ಅನ್ವಿತಾ ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕಿವಿ ಕೆಂಪಾಗಿತ್ತು. ನಾಚಿಕೆ ಎಂದುಕೊಂಡೆ.

ಎರಡನೆಯ ವಾರ ನನಗೂ ಆಸೆ ಹುಟ್ಟಿತು. ಹಿಂದೊಮ್ಮೆ ಬ್ಯಾಂಕಿನ ಟಾರ್ಗೆಟ್ ಮುಟ್ಟಿಸಲು ಸಿಬ್ಬಂದಿಯೆಲ್ಲ ಷೇರು ಕೊಂಡಿಡುವ ಡಿಮ್ಯಾಟ್ ಖಾತೆ ತೆರೆದಿದ್ದೆವು. ನನ್ನದು ಅಂದಿನಿಂದ ಖಾಲಿ ಬಿದ್ದಿತ್ತು. ಅದರಲ್ಲಿ ಮೂವತ್ತು ಸಾವಿರ ಹಾಕಿದೆ. ಸೋಮವಾರ ಅನ್ವಿತಾಳ ಚೀಟಿ ಬಂದ ಕೂಡಲೆ ಮೇಜಿನ ಕೆಳಗೆ ಫೋನ್ ಹಿಡಿದು ಅದೇ ಷೇರನ್ನು ನಿಜವಾಗಿ ಕೊಂಡೆ. ಗೋಡೆಯ ಮೇಲೆ ಅದು ಏರಿತು. ನನ್ನ ಫೋನಿನಲ್ಲಿ ಕದಲಲಿಲ್ಲ. ಆಮೇಲೆ ಸ್ವಲ್ಪ ಇಳಿಯಿತು.

ನಾನು ಕೊಂಡ ಬೆಲೆ ಗೋಡೆಯ ಬೆಲೆಗಿಂತ ಮೂರ್ನಾಲ್ಕು ರೂಪಾಯಿ ಹೆಚ್ಚಿತ್ತು ನಿಜ. ಅದು ಕಮಿಷನ್ ಇರಬೇಕು ಎಂದುಕೊಂಡೆ. ಬ್ಯಾಂಕಿನವನಿಗೆ ಎಲ್ಲಿ ಲೆಕ್ಕ ತಪ್ಪಿದರೂ ಮೊದಲು ನೆನಪಾಗುವುದು ಕಮಿಷನ್ನೇ.

ಮಂಗಳವಾರ ಹಾಗೇ ಆಯಿತು. ಬುಧವಾರವೂ ಹಾಗೇ. ಅದೇ ಕಂಪನಿ, ಅದೇ ಗಂಟೆ. ಅವಳಿಗೆ ಏರುತ್ತದೆ, ನನಗೆ ಏರುವುದಿಲ್ಲ. ಸುಳ್ಳು ದುಡ್ಡಿಗೆ ಲಾಭ, ನಿಜದ ದುಡ್ಡಿಗೆ ನಷ್ಟ. ಹೆಂಡತಿ ಸೀತಮ್ಮನಿಗೆ ಹೇಳಿದರೆ ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲೂ ಇಲ್ಲ.

"ಮಂದಿಗೆಲ್ಲ ಎಫ್‌ಡಿ ಮಾಡ್ರಿ ಎಫ್‌ಡಿ ಮಾಡ್ರಿ ಅಂತ ಹೇಳ್ಕೊಂತ ಬಂದೋರು, ಈಗ ಸೋಡಾ ಕುಡಿಯೋ ಹುಡುಗಿ ಹಿಂದೆ ಹೊಂಟೀರಿ. ನಿಮಗ ದೇವರು ಏರಿಸ್ತಾನೇನು?"

"ಅದಲ್ಲೇ, ಒಂದೇ ಷೇರು ಇಬ್ಬರಿಗೆ ಎರಡು ಥರ ಹೆಂಗ ಆಗ್ತೈತಿ?"

"ನನಗೇನು ಗೊತ್ತು. ಆ ಹುಡುಗಿನ್ನೇ ಕೇಳ್ರಿ."

ಕೇಳಬೇಕೆಂದೇ ಗುರುವಾರ ಹೋದೆ. ಅಂದು ರಾಮದಾಸ ಮೊದಲೇ ಬಂದು ಕಾಯುತ್ತಿದ್ದರು. ಮುಖದಲ್ಲಿ ಹಬ್ಬ.

"ಸಾರ್, ನೀವು ಹೇಳಿದ್ಮೇಲೆ ನಾನೂ ಅಕೌಂಟ್ ಓಪನ್ ಮಾಡ್ಸಿದೆ. ನಾಳೆ ಫೈನಲ್‌ಗೆ ರಜಾ ಹಾಕಿ ನಾನೂ ಬರ್ತೀನಿ. ಅವಳು ಸ್ಟೇಜ್ ಮೇಲೆ ಏನು ತಗೋತಾಳೋ ನಾನು ಕೆಳಗೆ ಕೂತು ಅದನ್ನೇ ತಗೋತೀನಿ. ಮಹತಿ ಫೀಸಿಗೆ ಅಂತ ಇಟ್ಟಿದ್ದ ನಾಲ್ಕು ಲಕ್ಷ ಇದೆ. ಜೂನ್‌ವರೆಗೆ ಅದಕ್ಕೇನೂ ಕೆಲಸ ಇಲ್ಲ, ಸುಮ್ನೆ ಬಿದ್ದಿದೆ."

ನನ್ನ ಮೂವತ್ತು ಸಾವಿರದ ಕಥೆ ಹೇಳೋಣವೆಂದರೆ, ಅದು ಯಾಕೆ ಹಾಗಾಯಿತು ಎಂದು ನನಗೇ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದೆ ಬೇಡ ಎಂದರೆ ಆ ಮನುಷ್ಯ ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಕ್ಲಾಸ್ ಮುಗಿದ ಮೇಲೆ ಸುಮಯ್ಯಾಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು.

"ಎಂತ ಮಾರಾಯ್ರೆ, ಹಾಳೆ ಓದ್ಲಿಲ್ವಾ? ಮೊದಲನೇ ಸಾಲೇ ಅದು. ನಮ್ಮ ಆಟದ ಬೆಲೆ ಹದಿನೈದು ನಿಮಿಷ ತಡ. ಆಗಿನ ಬೆಲೆ ಆಗಲೇ ಬೇಕಾದ್ರೆ ದುಡ್ಡು ಕೊಡ್ಬೇಕು, ಪುಕ್ಕಟೆ ಸಿಗುವುದು ಹಳೇದು. ಗೋಡೆ ಮೇಲೆ ಹನ್ನೊಂದು ಗಂಟೆಗೆ ಕಾಣೋದು ಹತ್ತೂ ಮುಕ್ಕಾಲರ ಬೆಲೆ. ಈಗಿನ ಬೆಲೆ ಯಾರಿಗಾದ್ರೂ ಬೇರೆ ಕಡೆ ಕಂಡ್ರೆ ಅವ್ರು ಸೋಲುವುದೇ ಇಲ್ಲ."

"ಮಕ್ಕಳ ಫೋನೆಲ್ಲ ನನ್ನ ಹತ್ತಿರ ಐತಲ್ಲವ್ವ."

"ಹಾಗಾದ್ರೆ ನಂಗೊತ್ತಿಲ್ಲ ಸರ್. ನಾಳೆ ಫೈನಲ್‌ನಲ್ಲಿ ಆ ತೊಂದರೆ ಇಲ್ಲ. ಅಲ್ಲಿ ದುಡ್ಡು ಕಟ್ಟಿ ನೇರ ಬೆಲೆ ತಗೊಂಡಿದ್ದೇವೆ."

ಮೆಟ್ಟಿಲಿಳಿದು ಸೋಡಾ ಅಂಗಡಿಯ ಮುಂದೆ ನಿಂತೆ. ಎರಡು ವಾರ ಅದರ ಮುಂದೆಯೇ ಓಡಾಡಿದ್ದೆ, ಒಳಗೆ ನೋಡಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಟಿವಿ. ಅದರಲ್ಲಿ ಷೇರು ಪೇಟೆಯ ಚಾನೆಲ್. ಕೆಳಗಿನ ಪಟ್ಟಿಯಲ್ಲಿ ಕಂಪನಿಗಳ ಗಿಡ್ಡ ಹೆಸರು, ಈ ಕ್ಷಣದ ಬೆಲೆ, ಒಂದರ ಹಿಂದೆ ಒಂದು ಓಡುತ್ತಿದ್ದವು. ಎಲ್ಲರೂ ಚೇಟ್ಟನ್, ಅಂದರೆ ಅಣ್ಣ, ಎಂದು ಕರೆಯುವ ಅಂಗಡಿಯವನಿಗೆ ಷೇರಿನ ಹುಚ್ಚು, ದಿನವಿಡೀ ಅದನ್ನೇ ಹಾಕುತ್ತಿದ್ದನಂತೆ.

"ಸೋಡಾ ವೇಣೋ ಸಾರೇ?" ಎಂದ.

ಬೇಡ ಎಂದೆ. ನನ್ನ ಮೂವತ್ತು ಸಾವಿರ ಯಾಕೆ ಏರಲಿಲ್ಲ ಎಂದು ಅಲ್ಲಿ ನಿಂತೇ ಅರ್ಥವಾಯಿತು. ಅವಳು ಏರುವುದನ್ನು ಕೊಳ್ಳುತ್ತಿರಲಿಲ್ಲ, ಆಗಲೇ ಏರಿದ್ದನ್ನು ಹಳೆಯ ಬೆಲೆಗೆ ಕೊಳ್ಳುತ್ತಿದ್ದಳು. ನಾನು ಏರಿದ ಮೇಲಿನ ಬೆಲೆ ತೆತ್ತಿದ್ದೆ. ಒಂದು ಅರ್ಥವಾಯಿತು, ಇನ್ನೊಂದು ಆಗಲಿಲ್ಲ: ಇದು ಮೋಸವೋ, ಜಾಣತನವೋ? ಮೊದಲು ನೋಡಿದವನಿಗೆ ಲಾಭ ಎಂದವನು ನಾನೇ.

ಶುಕ್ರವಾರ ಬೆಳಗಿನ ರೈಲಿಗೆ ತ್ರಿಪ್ಪುಣಿತ್ತುರದಲ್ಲಿ ಹತ್ತಿದೆವು. ನಾನು, ರಾಮದಾಸ, ಮೊದಲ ಸ್ಥಾನದ ಅನ್ವಿತಾ, ಎರಡನೆಯ ಸ್ಥಾನದ ಶ್ರೀಹರಿ. ಕೊಟ್ಟಾಯಂ ದಾಟಿದ ಮೇಲೆ ಅನ್ವಿತಾ ಕೈ ತೊಳೆಯಲು ಎದ್ದಳು. ನಾನೂ ಹಿಂದೆ ಹೋದೆ.

"ಕೆಳಗಿನ ಅಂಗಡಿ ಟಿವಿ ನೋಡಿದೆನವ್ವ ನಿನ್ನೆ" ಎಂದೆ.

ಅವಳು ನಲ್ಲಿ ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಫೋನ್ ನೋಡಬಾರದು ಅಂತ ಹೇಳಿದ್ರಿ. ಟಿವಿ ನೋಡಬಾರದು ಅಂತ ಹೇಳಿಲ್ಲ."

"ಹೌದು. ಹೇಳಿಲ್ಲ."

"ಹಾಗಾದರೆ ತಪ್ಪಾ?"

"ಗೊತ್ತಿಲ್ಲ ನನಗೆ. ಆದರೆ ನಿಮ್ಮಪ್ಪಗ ಹೇಳಬೇಕು. ಇವತ್ತು ಅಲ್ಲಿ ಆ ಆಟ ನಡೆಯೋದಿಲ್ಲ, ಬೆಲೆ ನೇರ ಬರ್ತದ."

"ಅಂಕಲ್, ಅಪ್ಪ ಒಂದು ವಾರದಿಂದ ಊಟಕ್ಕೆ ಕೂತಾಗ ನನ್ನ ಪಕ್ಕ ಕೂರ್ತಾರೆ. ಮಾರ್ಕೆಟ್ ಏನಾಯ್ತು ಅಂತ ಕೇಳ್ತಾರೆ. ಮೊದಲು ಅಕ್ಕನ ಫೋನ್ ಬಂದ್ರೆ ಮಾತ್ರ ಮಾತಾಡ್ತಿದ್ರು. ನೀವು ಹೇಳ್ಬೇಡಿ. ನಾನೇ ಹೇಳ್ತೀನಿ."

"ಯಾವಾಗ?"

"ಗೊತ್ತಿಲ್ಲ." ನಲ್ಲಿ ನಿಲ್ಲಿಸಿ ಕೇಳಿದಳು, "ನಾನು ತಗೊಂಡದ್ದನ್ನೇ ಅಪ್ಪ ನಿಜವಾಗ್ಲೂ ತಗೋತಾರಾ? ಅಕ್ಕನ ಫೀಸಿನ ದುಡ್ಡಲ್ಲಿ?"

"ಹೌದವ್ವ. ನನ್ನ ಮುಂದೇ ಹೇಳಿದರು."

ಫೈನಲ್ ನಡೆದದ್ದು ಪಾಳಯಂ ಹತ್ತಿರದ ಒಂದು ಸಭಾಂಗಣದಲ್ಲಿ. ಬೇರೆ ಬೇರೆ ಸಂಘಗಳ ಇಪ್ಪತ್ತೆರಡು ಮಕ್ಕಳು ವೇದಿಕೆಯ ಮೇಲೆ. ಯಾರು ಏನು ಎಷ್ಟು ಕೊಂಡರು ಎಂದು ದೊಡ್ಡ ಪರದೆಯಲ್ಲಿ ಕಾಣುತ್ತಿತ್ತು. ಹನ್ನೊಂದರಿಂದ ಎರಡರವರೆಗೆ ಆಟ. ಕಡಿಮೆ ಎಂದರೆ ಮೂರು ಸಲ ಕೊಳ್ಳಲೇಬೇಕು, ಅದೊಂದೇ ನಿಯಮ. ರಾಮದಾಸ ಕೊನೆಯ ಸಾಲಿನಲ್ಲಿ ಕನ್ನಡಕ ಒರೆಸಿಕೊಂಡು, ಫೋನು ತೊಡೆಯ ಮೇಲಿಟ್ಟು, ಪರದೆಯ ಮೇಲೆ ಕಣ್ಣು ನೆಟ್ಟು ಕೂತರು.

ಗಂಟೆ ಹೊಡೆಯಿತು. ಮಕ್ಕಳೆಲ್ಲ ಮುಗಿಬಿದ್ದು ಕೊಂಡರು. ಶ್ರೀಹರಿ ಐದೇ ನಿಮಿಷದಲ್ಲಿ ಹತ್ತು ಲಕ್ಷವನ್ನೂ ಹಾಕಿ ಮುಗಿಸಿ ಕೈ ಕಟ್ಟಿ ಕೂತ. ಅನ್ವಿತಾಳ ಹೆಸರಿನ ಮುಂದೆ ಏನೂ ಇರಲಿಲ್ಲ.

ಅರ್ಧ ಗಂಟೆಯಾಯಿತು.

"ಏನ್ಸಾರ್, ಸುಮ್ನೆ ಕೂತಿದಾಳೆ?" ಎಂದರು ರಾಮದಾಸ.

"ರಾಮದಾಸ್ರೇ, ನಿಮಗೊಂದು ಮಾತು ಹೇಳಬೇಕಿತ್ತು—"

"ಆಮೇಲೆ ಸಾರ್, ಆಮೇಲೆ. ಈಗ ಕಣ್ಣು ಆಚೀಚೆ ಹೋದ್ರೆ ಮಿಸ್ ಆಗುತ್ತೆ."

ಆ ದಿನ ಮಾರುಕಟ್ಟೆ ಬೀಳತೊಡಗಿತ್ತು. ಯಾಕೆ ಎಂದು ವೇದಿಕೆಯ ಮೇಲಿದ್ದ ತಜ್ಞರೊಬ್ಬರು ಮೂರು ಕಾರಣ ಕೊಟ್ಟರು. ಹನ್ನೆರಡೂವರೆಗೆ ಅನ್ವಿತಾಳ ಹೆಸರಿನ ಮುಂದೆ ಒಂದು ಕಂಪನಿಯ ಗಿಡ್ಡ ಹೆಸರು ಮೂಡಿತು. ರಾಮದಾಸ ಫೋನೆತ್ತಿದರು.

"ಒಂದಾ?" ಎಂದರು ಅವರು. "ಸಾರ್, ಅಲ್ಲಿ ಎಷ್ಟಂತ ತೋರಿಸ್ತಿದೆ? ನನ್ನ ಕನ್ನಡಕ ಸರಿಯಿಲ್ವಾ?"

ಕನ್ನಡಕ ಸರಿಯಾಗಿತ್ತು. ಒಂದೇ ಒಂದು ಷೇರು. ಹತ್ತು ಲಕ್ಷ ಇಟ್ಟುಕೊಂಡು ಇನ್ನೂರ ಎಂಬತ್ತು ರೂಪಾಯಿಯ ಒಂದು ಷೇರು. ಸಭಾಂಗಣದಲ್ಲಿ ಯಾರೋ ನಕ್ಕರು. ರಾಮದಾಸ "ಏನೋ ಪ್ಲಾನ್ ಇರ್ಬೇಕು" ಎಂದು ತಾವೂ ಒಂದೇ ಕೊಂಡರು. ಒಂದು ಗಂಟೆಗೆ ಇನ್ನೊಂದು ಕಂಪನಿ, ಒಂದು ಷೇರು. ಎರಡಕ್ಕೆ ಹತ್ತು ನಿಮಿಷ ಇರುವಾಗ ಮೂರನೆಯದು, ಅದೂ ಒಂದು. ಮೂರೂ ಸಲ ಅವಳು ಪರದೆಯನ್ನು ನೋಡಲಿಲ್ಲ, ಕೊನೆಯ ಸಾಲನ್ನು ನೋಡಿದಳು.

ಆಟ ಮುಗಿದಾಗ ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತು ಮಂದಿ ಕಳೆದುಕೊಂಡಿದ್ದರು. ಶ್ರೀಹರಿಯದು ಮೂವತ್ತು ಸಾವಿರ ಹೋಗಿತ್ತು. ಅನ್ವಿತಾ ಕಳೆದದ್ದು ಹನ್ನೊಂದು ರೂಪಾಯಿ. ಲಾಭ ಮಾಡಿದ್ದ ಇಬ್ಬರನ್ನು ಬಿಟ್ಟರೆ ಅವಳೇ. ಮೂರನೆಯ ಬಹುಮಾನ. ತಜ್ಞರು ಮೈಕ್ ಹಿಡಿದು, "ಬೀಳುವ ಪೇಟೆಯಲ್ಲಿ ಸುಮ್ಮನಿರುವುದೇ ದೊಡ್ಡ ವಿದ್ಯೆ, ಈ ಹುಡುಗಿ ಮೊದಲೇ ಅರಿತಿದ್ದಳು" ಎಂದು ಹೊಗಳಿದರು. ಕಪ್ ಹಿಡಿದುಕೊಂಡ ಅನ್ವಿತಾ ಅದು ಯಾರದೋ ಸಾಮಾನು ಎಂಬಂತೆ ನಿಂತಿದ್ದಳು.

ರಾಮದಾಸ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ನೋಡಿದ್ರಾ ಸಾರ್! ಬೀಳುತ್ತೆ ಅಂತ ಅವಳಿಗೆ ಗೊತ್ತಿತ್ತು! ಸೋಮವಾರದಿಂದ ನಾಲ್ಕು ಲಕ್ಷ ಪೂರ್ತಿ ಅವಳ ಕೈಗೇ ಕೊಡ್ತೀನಿ."

ನಾನು ತಬ್ಬಿಬ್ಬಾದೆ. ಅಪ್ಪನ ದುಡ್ಡು ಉಳಿಸಲೆಂದು ಮಗಳು ಸುಮ್ಮನೆ ಕೂತರೆ, ಅದರಿಂದಲೇ ಅಪ್ಪನ ನಂಬಿಕೆ ಇನ್ನೂ ಗಟ್ಟಿಯಾಗಿತ್ತು.

ರೈಲಿಗೆ ಹೊತ್ತಿತ್ತು. ತಂಬಾನೂರಿನ ಒಂದು ಹೋಟೆಲಿನಲ್ಲಿ ಕೂತೆವು. ಚಹಾ ಬಂತು, ಬಾಳೆಹಣ್ಣಿನ ಬಿಸಿ ಬಜ್ಜಿ ಪಳಂಪೊರಿ ಬಂತು. ಶ್ರೀಹರಿ ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದ. ಅನ್ವಿತಾ ತನ್ನ ತಟ್ಟೆಯನ್ನು ಅವನತ್ತ ಸರಿಸಿ, ಅಪ್ಪನ ಕಡೆ ತಿರುಗಿ, ಅರ್ಧ ಮಲಯಾಳಂ ಅರ್ಧ ಕನ್ನಡದಲ್ಲಿ ಎಲ್ಲ ಹೇಳಿದಳು. ಸೋಡಾ, ಟಿವಿ, ಹದಿನೈದು ನಿಮಿಷ. ಇಂದು ಏನೂ ತಿಳಿಯದೆ, ಅಪ್ಪ ಕೊಳ್ಳದಿರಲಿ ಎಂದು ಸುಮ್ಮನೆ ಕೂತದ್ದು.

"ಅಂದ್ರೆ ನಿಂಗೆ ಏನೂ ಗೊತ್ತಿರ್ಲಿಲ್ಲ?" ಎಂದರು ರಾಮದಾಸ.

"ಇಲ್ಲ ಅಪ್ಪ."

"ಬೀಳುತ್ತೆ ಅಂತಾನೂ?"

"ಇಲ್ಲ."

ರಾಮದಾಸ ನನ್ನ ಕಡೆ ತಿರುಗಿದರು. "ಕಣ್ಣಲ್ಲಿ ಏನೋ ಇದೆ ಅಂದ್ರಲ್ಲ ಸಾರ್ ನೀವು?"

"ತಪ್ಪು ನಂದೇ. ಕೊಟ್ಟ ಹಾಳೆ ಓದಲಿಲ್ಲ. ನಾನೂ ಆಕಿ ಹಿಂದೆ ಹೋಗಿ ಸಾವಿರದ ನೂರು ರೂಪಾಯಿ ಕಳಕೊಂಡೆ."

"ನೀವೂ?" ಎಂದು ಬಾಯಿ ತೆರೆದವಳು ಅನ್ವಿತಾ. ಶ್ರೀಹರಿ ನಕ್ಕು, ಚಹಾ ನೆತ್ತಿಗೇರಿ ಕೆಮ್ಮಿದ.

ರೈಲಿನಲ್ಲಿ ರಾಮದಾಸ ಕಣ್ಣು ಮುಚ್ಚಿ ಕೂತರು. ಕೊಲ್ಲಂ ಬಂತು, ಹೋಯಿತು. ಅನ್ವಿತಾ ಎದುರಿನ ಸೀಟಿನಲ್ಲಿ ಕಪ್ಪನ್ನು ಬ್ಯಾಗಿಗೆ ತುರುಕಿ ಜಿಪ್ ಎಳೆದು ಕೂತಿದ್ದಳು. ಅವಳ ಕಡೆ ನೋಡಲು ನನಗೇ ಆಗುತ್ತಿರಲಿಲ್ಲ.

ಕಾಯಂಕುಳಂ ಹತ್ತಿರ ರಾಮದಾಸ ಫೋನ್ ತೆಗೆದರು. "ಈ ಮೂರು ಷೇರು ಏನ್ಮಾಡೋದು? ಮೇಷ್ಟ್ರೇ, ಇಟ್ಕೊಳ್ಳೋದಾ ಮಾರೋದಾ?"

"ನನ್ನ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ."

"ಇದು ಏನ್ ಮಾಡೋ ಕಂಪನಿ?" ಎಂದು ಒಂದು ಗಿಡ್ಡ ಹೆಸರಿನ ಮೇಲೆ ಬೆರಳಿಟ್ಟು ಮಗಳನ್ನು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ. ಎರಡು ವಾರ ಕೊಂಡು ಮಾರಿದವರಲ್ಲಿ ಯಾರಿಗೂ, ನನಗೂ, ಆ ಹೆಸರುಗಳ ಹಿಂದೆ ಏನಿದೆ ಎಂದು ಕೇಳಬೇಕೆನಿಸಿರಲಿಲ್ಲ. ಅನ್ವಿತಾ ಎದ್ದು ಬಂದು ಅಪ್ಪನ ಫೋನಿನಲ್ಲೇ ಹುಡುಕಿದಳು. ಒಂದು ಬೇರಿಂಗ್ ಮಾಡುವ ಕಂಪನಿ. ಇನ್ನೊಂದು ಮಾತ್ರೆಗಳ ಡಬ್ಬಿ. ಮೂರನೆಯದು ಸಿಗಡಿ ಸಾಕುವವರಿಗೆ ಸಿಗಡಿಯ ಆಹಾರ.

"ಸಿಗಡಿನಾ?" ರಾಮದಾಸರ ದನಿ ಬದಲಾಯಿತು. "ಇದನ್ನು ಯಾರಾದ್ರೂ ತಗೋತಾರಾ? ಈ ತಿಂಗಳು ನಮ್ಮ ಬಂದರಿಗೆ ಸಿಗಡಿ ಕಂಟೇನರ್ ಬರೋದು ಅರ್ಧಕ್ಕರ್ಧ ಕಡಿಮೆ. ನಾನು ದಿನಾ ನೋಡ್ತಿದೀನಲ್ಲ."

"ಅದು ಪೇಪರಲ್ಲಿ ಬಂದಿದೆಯಾ ಅಪ್ಪ?"

"ಇಲ್ಲ, ಇನ್ನೂ ಬಂದಿಲ್ಲ."

"ಹಾಗಾದರೆ ಅದನ್ನು ನೋಡಿ ಮಾರಿದರೆ, ನಾನು ಟಿವಿ ನೋಡಿ ತಗೊಂಡ ಹಾಗೇ ಅಲ್ವಾ?"

ರಾಮದಾಸ ಫೋನಿನಿಂದ ಕಣ್ಣೆತ್ತಿದರು. ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಇದಕ್ಕೆ ನನ್ನ ಹತ್ತಿರ ಉತ್ತರವಿದ್ದಿದ್ದರೆ ಎರಡು ವಾರದ ಹಿಂದೆಯೇ ಆ ಪಾಠವನ್ನು ಬೇರೆ ರೀತಿ ಹೇಳುತ್ತಿದ್ದೆ.

"ಹೇಗಿದ್ರೂ ಈಗ ಮಾರೋಕಾಗಲ್ಲ, ಮಾರ್ಕೆಟ್ ಮುಚ್ಚಿದೆ" ಎಂದಳು ಅನ್ವಿತಾ. "ಸೋಮವಾರವೇ."

"ಸೋಮವಾರ ನನಗೆ ಮಧ್ಯಾಹ್ನದ ಡ್ಯೂಟಿ" ಎಂದರು ರಾಮದಾಸ. ಫೋನನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಮಗಳು ಎದುರಿನ ಸೀಟಿಗೆ ಹೋಗಲು ತಿರುಗಿದಾಗ ಪಕ್ಕದಲ್ಲಿದ್ದ ನನ್ನ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, "ಇಲ್ಲೇ ಕೂತ್ಕೋ. ಬೇರಿಂಗ್ ಕಂಪನಿ ಬಗ್ಗೆ ಇನ್ನೇನು ಬರ್ದಿದಾರೆ, ಓದು" ಎಂದರು.